ತಿಜೋರಿಯ ಬೆಳ್ಳಿ ರೂಪಾಯಿ, ಅಮೆರಿಕದ ಡಾಲರ್: ಸಂಗ್ರಹ, ಮೌಲ್ಯ ಮತ್ತು ತೆರಿಗೆ

ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ಭಾಗದ ಹಳೆಯ ವ್ಯಾಪಾರಿ ಮನೆತನಗಳಲ್ಲಿ ದೀಪಾವಳಿಯ ಲಕ್ಷ್ಮೀ ಪೂಜೆಯಂದು ಹೊಸ ಕಿರ್ದಿ ಪುಸ್ತಕದ ಪಕ್ಕದಲ್ಲಿ ಒಂದು ಹಿಡಿ ಬೆಳ್ಳಿ ರೂಪಾಯಿಗಳನ್ನು ಇರಿಸುವ ಪದ್ಧತಿ ತಲೆಮಾರುಗಳಿಂದ ನಡೆದು ಬಂದಿದೆ. ಪೂಜೆ ಮುಗಿದ ಬಳಿಕ ಆ ನಾಣ್ಯಗಳು ಕೆಂಪು ಬಟ್ಟೆಯ ಗಂಟಿನಲ್ಲಿ ಮತ್ತೆ ತಿಜೋರಿ ಸೇರುತ್ತವೆ. ಅವುಗಳ ಸಂಖ್ಯೆ ಎಷ್ಟು, ಯಾವ ವರ್ಷದವು, ಯಾರ ಕಾಲದಲ್ಲಿ ಮನೆಗೆ ಬಂದವು ಎಂಬ ವಿವರ ಬಹುಪಾಲು ಮನೆಗಳಲ್ಲಿ ಯಾವ ವಹಿಯಲ್ಲಿಯೂ ನಮೂದಾಗಿರುವುದಿಲ್ಲ.

2025ರಲ್ಲಿ ಬೆಳ್ಳಿಯ ಬೆಲೆ ಕಿಲೋ ಒಂದಕ್ಕೆ ಒಂದು ಲಕ್ಷ ರೂಪಾಯಿಯ ಗಡಿಯನ್ನು ದಾಟಿದ ಮೇಲೆ ಈ ಗಂಟುಗಳು ಬಿಚ್ಚಿಕೊಳ್ಳುವುದು ಸಹಜವೇ ಆಗಿದೆ. ಅಂಗಡಿಯ ಬಂಡವಾಳಕ್ಕೆ, ಮಗಳ ಮದುವೆಗೆ, ಅಣ್ಣತಮ್ಮಂದಿರ ಹಿಸ್ಸೆಗೆ ಹಣ ಬೇಕಾದಾಗ ನಾಣ್ಯಗಳು ಸರಾಫರ ತಕ್ಕಡಿಯನ್ನು ಏರುತ್ತವೆ. ಅಲ್ಲಿಂದ ಮೂಸೆಗೆ ಹೋಗುತ್ತವೆ. ಒಮ್ಮೆ ಕರಗಿದ ನಾಣ್ಯ ಮರಳಿ ಬಾರದು. ಆದುದರಿಂದ ಮಾರಾಟಕ್ಕೆ ಮುನ್ನ ಪ್ರತಿಯೊಬ್ಬ ವರ್ತಕನೂ ತಿಳಿದಿರಬೇಕಾದ ಮೂರು ಸಂಗತಿಗಳಿವೆ: ನಾಣ್ಯದಲ್ಲಿ ಬೆಳ್ಳಿ ಎಷ್ಟಿದೆ, ಲೋಹದ ಬೆಲೆಗಿಂತ ಹೆಚ್ಚಿನ ಮೌಲ್ಯ ಅದಕ್ಕೆ ಇದೆಯೇ, ಹಾಗೂ ಕಾನೂನಿನ ದೃಷ್ಟಿಯಲ್ಲಿ ಅದು ಏನು. ಈ ಮೂರನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತೊಲೆಯೆಂದರೆ ರೂಪಾಯಿಯೇ

ಹಳೆಯ ತಲೆಮಾರಿನ ಪತ್ತಾರರು ಬಳಸುವ ‘ತೊಲೆ’ ಎಂಬ ತೂಕಕ್ಕೂ ಬೆಳ್ಳಿ ರೂಪಾಯಿಗೂ ನೇರ ಸಂಬಂಧವಿದೆ. ಈಸ್ಟ್ ಇಂಡಿಯಾ ಕಂಪನಿಯು 1835ರಲ್ಲಿ ತನ್ನ ಆಡಳಿತದ ಪ್ರದೇಶಗಳಿಗೆಲ್ಲ ಏಕರೂಪದ ರೂಪಾಯಿಯನ್ನು ಜಾರಿಗೆ ತಂದಿತು. ಅದರ ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಇದೇ ಒಂದು ತೊಲೆ. ಅದರ ಹನ್ನೆರಡರಲ್ಲಿ ಹನ್ನೊಂದು ಪಾಲು, ಅಂದರೆ 165 ಗ್ರೇನ್ ಶುದ್ಧ ಬೆಳ್ಳಿ. ಉಳಿದದ್ದು ಬೆರಕೆ ಲೋಹ. ಇಂದಿನ ಲೆಕ್ಕದಲ್ಲಿ ಸಾವಿರಕ್ಕೆ 917ರ ಶುದ್ಧತೆ, ನಾಣ್ಯವೊಂದರಲ್ಲಿ 10.69 ಗ್ರಾಂ ಶುದ್ಧ ಬೆಳ್ಳಿ.

ನಾಲ್ಕನೆಯ ವಿಲಿಯಂ ದೊರೆಯಿಂದ ಹಿಡಿದು ವಿಕ್ಟೋರಿಯಾ, ಏಳನೆಯ ಎಡ್ವರ್ಡ್, ಐದನೆಯ ಜಾರ್ಜ್ ಹಾಗೂ ಆರನೆಯ ಜಾರ್ಜರ ಮೊದಲ ವರ್ಷಗಳವರೆಗೆ, ಅಂದರೆ 1939ರ ತಾರೀಖಿನ ನಾಣ್ಯದವರೆಗೆ, ಈ ಪ್ರಮಾಣ ಬದಲಾಗಲಿಲ್ಲ. ಎರಡನೆಯ ಮಹಾಯುದ್ಧದ ಬಿಕ್ಕಟ್ಟಿನಲ್ಲಿ 1940ರಿಂದ ಬೆಳ್ಳಿಯ ಪ್ರಮಾಣವನ್ನು ಅರ್ಧಕ್ಕೆ ಇಳಿಸಲಾಯಿತು. ತೂಕ ಅದೇ 11.66 ಗ್ರಾಂ, ಆದರೆ ಶುದ್ಧ ಬೆಳ್ಳಿ 5.83 ಗ್ರಾಂ ಮಾತ್ರ. ಉಳಿದರ್ಧ ತಾಮ್ರ, ನಿಕ್ಕಲ್ ಮತ್ತು ಸತುವು. 1947ರ ರೂಪಾಯಿಗಳಲ್ಲಿ ಬೆಳ್ಳಿಯೇ ಇಲ್ಲ. ಅವು ನಿಕ್ಕಲ್ ನಾಣ್ಯಗಳು.

ಪೂರ್ಣ ಪ್ರಮಾಣದ ಹಳೆಯ ರೂಪಾಯಿಗಳನ್ನು 1941ರಿಂದ 1943ರ ಅವಧಿಯಲ್ಲಿ ಹಂತಹಂತವಾಗಿ ಚಲಾವಣೆಯಿಂದ ಹಿಂಪಡೆಯಲಾಯಿತು. ಆಗ ಸರಕಾರಿ ಖಜಾನೆಗೆ ಒಪ್ಪಿಸದೆ ಮನೆಯಲ್ಲಿಯೇ ಉಳಿಸಿಕೊಂಡ ನಾಣ್ಯಗಳೇ ಇಂದು ತಿಜೋರಿಗಳಲ್ಲಿ ಇರುವಂಥವು. ಹಿರಿಯರು ಅರ್ಧ ಬೆಳ್ಳಿಯ ಹೊಸ ರೂಪಾಯಿಯನ್ನು ಖರ್ಚು ಮಾಡಿ, ‘ರಾಣಿ ಛಾಪ’ವನ್ನು ಬಚ್ಚಿಟ್ಟರು. ಲೋಹದ ಬೆಲೆಯನ್ನು ಅವರು ಚೆನ್ನಾಗಿಯೇ ಅರಿತಿದ್ದರು.

ಡಾಲರ್ ಕರಗಿ ರೂಪಾಯಿಯಾದ ಕಥೆ

ಈ ಭಾಗದ ತಿಜೋರಿಗಳಲ್ಲಿ ಹೆಚ್ಚಾಗಿ ದೊರೆಯುವುದು 1918 ಮತ್ತು 1919ರ ತಾರೀಖಿನ, ಐದನೆಯ ಜಾರ್ಜ್ ದೊರೆಯ ಮುಖವಿರುವ ರೂಪಾಯಿಗಳು. ಇವುಗಳ ಬೆಳ್ಳಿಯ ಬಹುಭಾಗದ ಮೂಲ ಅಮೆರಿಕದ ಖಜಾನೆ ಎಂಬುದು ಅನೇಕರಿಗೆ ತಿಳಿಯದ ಸಂಗತಿ.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದ ಬಳಿಕ ಭಾರತದಿಂದ ಹತ್ತಿ, ಸೆಣಬು, ಧಾನ್ಯ, ಚರ್ಮಗಳು ಅಪಾರವಾಗಿ ಹೊರದೇಶಗಳಿಗೆ ಹೋದವು. ಅವುಗಳ ಬೆಲೆಯನ್ನು ರೈತರಿಗೂ ವ್ಯಾಪಾರಿಗಳಿಗೂ ಬೆಳ್ಳಿ ರೂಪಾಯಿಯಲ್ಲಿಯೇ ಕೊಡಬೇಕಾಗಿತ್ತು. ಕಾಗದದ ನೋಟಿನಲ್ಲಿ ಹಳ್ಳಿಯ ಜನರಿಗೆ ನಂಬಿಕೆ ಇರಲಿಲ್ಲ. ಹತ್ತಿ ಬೆಳೆಯುವ ನಾಡಾಗಿ, 1880ರ ದಶಕದಲ್ಲಿಯೇ ಘಟಪ್ರಭೆಯ ದಡದಲ್ಲಿ ನೂಲಿನ ಗಿರಣಿಯನ್ನು ಕಂಡಿದ್ದ ಗೋಕಾಕ ಭಾಗವೂ ಮುಂಬಯಿ ಪ್ರಾಂತದ ಈ ನಗದು ವ್ಯವಹಾರದ ಒಂದು ಭಾಗವೇ ಆಗಿತ್ತು. ಇದೇ ಸಮಯದಲ್ಲಿ ಜಾಗತಿಕ ಪೇಟೆಯಲ್ಲಿ ಬೆಳ್ಳಿಯ ಬೆಲೆ ಏರಿತು. ರೂಪಾಯಿಯ ಅಧಿಕೃತ ವಿನಿಮಯ ದರ 16 ಪೆನ್ಸ್ ಆಗಿತ್ತು. ಲಂಡನ್ನಿನಲ್ಲಿ ಬೆಳ್ಳಿಯ ದರ ಔನ್ಸಿಗೆ 43 ಪೆನ್ಸ್ ದಾಟಿದೊಡನೆ ರೂಪಾಯಿಯಲ್ಲಿನ ಲೋಹದ ಬೆಲೆ ಅದರ ಮುಖಬೆಲೆಯನ್ನು ಮೀರುವ ಸ್ಥಿತಿ ಉಂಟಾಯಿತು. 1917ರಲ್ಲಿ ಹಾಗೆಯೇ ಆಯಿತು. ರೂಪಾಯಿಗಳು ಚಲಾವಣೆಯಿಂದ ಮಾಯವಾಗತೊಡಗಿದವು. ಸರಕಾರವು 1917ರ ನವೆಂಬರ್ 30ರಂದು ಒಂದು ರೂಪಾಯಿಯ ನೋಟನ್ನು, 1918ರ ಜನವರಿಯಲ್ಲಿ ಎರಡೂವರೆ ರೂಪಾಯಿಯ ನೋಟನ್ನು ಹೊರತಂದಿತು. ಆದರೂ ನೋಟು ಕೊಟ್ಟು ಬೆಳ್ಳಿ ಕೇಳುವವರ ಸಾಲು ಕಡಿಮೆಯಾಗಲಿಲ್ಲ.

ಆಗ ಬ್ರಿಟಿಷ್ ಸರಕಾರವು ಅಮೆರಿಕದ ನೆರವು ಕೋರಿತು. ಅಮೆರಿಕದ ಖಜಾನೆಯಲ್ಲಿ 1878ರಿಂದ ಟಂಕಿಸಿದ್ದ ಬೆಳ್ಳಿ ಡಾಲರುಗಳು ಚೀಲಗಳಲ್ಲಿ ರಾಶಿ ಬಿದ್ದಿದ್ದವು. ನೆವಾಡಾ ರಾಜ್ಯದ ಸೆನೆಟರ್ ಕೀ ಪಿಟ್‌ಮನ್ ಅವರ ಹೆಸರಿನಿಂದ ಪ್ರಸಿದ್ಧವಾದ ಕಾಯ್ದೆಯು 1918ರ ಏಪ್ರಿಲ್ 23ರಂದು ಜಾರಿಗೆ ಬಂದಿತು. ಅದರಂತೆ ಸುಮಾರು 27 ಕೋಟಿ ಡಾಲರ್ ನಾಣ್ಯಗಳನ್ನು ಕರಗಿಸಲಾಯಿತು. ಅದರಲ್ಲಿ ಸುಮಾರು 26 ಕೋಟಿ ನಾಣ್ಯಗಳ ಬೆಳ್ಳಿ, ಅಂದಾಜು 20 ಕೋಟಿ ಔನ್ಸ್, ಬ್ರಿಟನ್ನಿಗೆ ಮಾರಾಟವಾಗಿ ಭಾರತದ ಟಂಕಸಾಲೆಗಳನ್ನು ತಲುಪಿತು.

ಇಲ್ಲಿನ ಗಣಿತವು ಲೆಕ್ಕಿಗರಿಗೆ ಹಿಡಿಸುವಂಥದು. ಡಾಲರ್ ನಾಣ್ಯದ ತೂಕ 26.73 ಗ್ರಾಂ, ಶುದ್ಧತೆ 900. ಅದರಲ್ಲಿನ ಶುದ್ಧ ಬೆಳ್ಳಿ 371.25 ಗ್ರೇನ್. ರೂಪಾಯಿಯಲ್ಲಿ 165 ಗ್ರೇನ್. ಭಾಗಿಸಿದರೆ ದೊರೆಯುವುದು ಸರಿಯಾಗಿ 2.25. ಎಂದರೆ, ಕರಗಿದ ಪ್ರತಿಯೊಂದು ಡಾಲರು ಎರಡೂ ಕಾಲು ರೂಪಾಯಿಯಾಗಿ ಹುಟ್ಟಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿಯೂ ಅಮೆರಿಕವು ಭಾರತಕ್ಕೆ ಬೆಳ್ಳಿಯನ್ನು ಎರವಲು ನೀಡಿತು.

ಅಮೆರಿಕದ ಸಂಗ್ರಹಕಾರರಿಂದ ಕಲಿಯಬೇಕಾದ ಪಾಠ

1878ರಿಂದ 1904ರವರೆಗೆ, ಪುನಃ 1921ರಲ್ಲಿ ಟಂಕಿಸಿದ ಡಾಲರನ್ನು ಅದರ ವಿನ್ಯಾಸಕಾರನ ಹೆಸರಿನಿಂದ ‘ಮಾರ್ಗನ್ ಡಾಲರ್’ ಎನ್ನುತ್ತಾರೆ. ಬಳಿಕ 1921ರಿಂದ 1928ರವರೆಗೆ ಮತ್ತು 1934, 1935ರಲ್ಲಿ ಬಂದುದು ‘ಪೀಸ್ ಡಾಲರ್’. ಇವೆರಡೂ ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಸಂಗ್ರಹವಾಗುವ ಬೆಳ್ಳಿ ನಾಣ್ಯಗಳ ಸಾಲಿನಲ್ಲಿವೆ. ಅಮೆರಿಕದಲ್ಲಿ ನೆಲೆಸಿರುವ ಮಕ್ಕಳು, ಬಂಧುಗಳು ಊರಿಗೆ ಬರುವಾಗ ಕಾಣಿಕೆಯಾಗಿ ಇವುಗಳನ್ನು ತರುವುದೂ ಉಂಟು.

1918ರ ಕರಗಿಸುವಿಕೆಯಲ್ಲಿ ಯಾವ ವರ್ಷದ, ಯಾವ ಟಂಕಸಾಲೆಯ ನಾಣ್ಯಗಳು ಎಷ್ಟು ಹೋದವು ಎಂಬ ಲೆಕ್ಕವನ್ನು ಇಡಲಿಲ್ಲ. ಪರಿಣಾಮವಾಗಿ, ಲಕ್ಷಗಟ್ಟಲೆ ಟಂಕಿಸಿದ ವರ್ಷದ ನಾಣ್ಯವೂ ಇಂದು ವಿರಳವಾಗಿರಬಹುದು. ಟಂಕಿಸಿದ ಸಂಖ್ಯೆಯೊಂದನ್ನೇ ನೋಡಿ ಬೆಲೆ ಕಟ್ಟಲಾಗದು. ಉಳಿದ ಸಂಖ್ಯೆಯೇ ಮುಖ್ಯ.

ಎರಡನೆಯ ಪಾಠ ಇದಕ್ಕೆ ವಿರುದ್ಧವಾದುದು. 1903ರಲ್ಲಿ ನ್ಯೂ ಆರ್ಲಿಯನ್ಸ್ ಟಂಕಸಾಲೆಯಲ್ಲಿ ಆದ ಡಾಲರು ಅತ್ಯಂತ ದುರ್ಲಭವೆಂದು ಪ್ರಸಿದ್ಧವಾಗಿ, ಸಂಗ್ರಹಕಾರರು ಅದಕ್ಕೆ ಭಾರಿ ಬೆಲೆ ತೆರುತ್ತಿದ್ದರು. 1962ರಲ್ಲಿ ಅಮೆರಿಕದ ಖಜಾನೆಯಿಂದ ಹಳೆಯ ಚೀಲಗಳು ಹೊರಬಂದಾಗ ಅವುಗಳಲ್ಲಿ ಇದೇ ನಾಣ್ಯಗಳು ರಾಶಿಯಾಗಿ ದೊರೆತವು. ಬೆಲೆ ತಟ್ಟನೆ ಕುಸಿಯಿತು. ಮೂರನೆಯದು ಲೋಹದ ಬೆಲೆಯ ಏರಿಳಿತ. 1980ರ ಜನವರಿಯಲ್ಲಿ ಔನ್ಸಿಗೆ ಸುಮಾರು 50 ಡಾಲರಿಗೆ ಏರಿದ ಬೆಳ್ಳಿಯು ಅದೇ ವರ್ಷದ ಮಾರ್ಚ್ ತಿಂಗಳ ಕೊನೆಯಲ್ಲಿ 11 ಡಾಲರಿನ ಆಸುಪಾಸಿಗೆ ಇಳಿದಿತ್ತು. ಸಾಲ ಮಾಡಿ ಬೆಳ್ಳಿ ಕೊಂಡವರು ಆಗ ನೆಲ ಕಚ್ಚಿದರು. ಅಂಗಡಿಯ ದುಡಿಯುವ ಬಂಡವಾಳವನ್ನು ನಾಣ್ಯಕ್ಕೆ ತೊಡಗಿಸುವುದು ಉಚಿತವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಬೇರ್ಪಡಿಸಿ ನೋಡತಕ್ಕ ನಾಣ್ಯಗಳು

ತಿಜೋರಿಯ ಗಂಟನ್ನು ಬಿಚ್ಚಿದಾಗ ಮೊದಲು ಮಾಡಬೇಕಾದ ಕೆಲಸ ತಾರೀಖಿನ ಪ್ರಕಾರ ವಿಂಗಡಣೆ. ಕೆಳಗಿನವುಗಳನ್ನು ಪ್ರತ್ಯೇಕವಾಗಿ ಎತ್ತಿಡುವುದು ಒಳ್ಳೆಯದು.

1. 1835ರ ವಿಲಿಯಂ ಹಾಗೂ 1840ರ ವಿಕ್ಟೋರಿಯಾ ರೂಪಾಯಿಗಳು. ಎರಡೂ ಕಂಪನಿ ಸರಕಾರದ ಕಾಲದವು. 1840ರ ನಾಣ್ಯದಲ್ಲಿ ರಾಣಿಯ ಹೆಸರಿನ ಬರಹವು ತಲೆಯ ಸುತ್ತ ಅಖಂಡವಾಗಿ ಸಾಗಿದ ಬಗೆಯೊಂದು, ಎರಡು ಭಾಗವಾಗಿ ಒಡೆದ ಬಗೆಯೊಂದು. ಇವನ್ನು ಸಂಗ್ರಹಕಾರರು ಬೇರೆಬೇರೆಯಾಗಿ ಎಣಿಸುತ್ತಾರೆ.

2. 1862ರ ತಾರೀಖಿನ ರಾಣಿ ಛಾಪ. ಈ ತಾರೀಖನ್ನು ಬದಲಿಸದೆಯೇ 1874ರವರೆಗೆ ನಾಣ್ಯಗಳನ್ನು ಟಂಕಿಸಲಾಯಿತು. ಮುಂಬಯಿ ಟಂಕಸಾಲೆಯು ನಿಜವಾದ ವರ್ಷವನ್ನು ಸೂಚಿಸಲು ಸಣ್ಣ ಚುಕ್ಕೆಗಳನ್ನು ಹಾಕುತ್ತಿತ್ತು. ಚುಕ್ಕೆಗಳ ಸಂಖ್ಯೆ ಮತ್ತು ಸ್ಥಾನದ ಮೇಲೆ ಬೆಲೆಯಲ್ಲಿ ವ್ಯತ್ಯಾಸವಾಗುತ್ತದೆ.

3. 1911ರ ಐದನೆಯ ಜಾರ್ಜ್ ರೂಪಾಯಿ. ದೊರೆಯ ನಿಲುವಂಗಿಯ ಮೇಲಿನ ಆನೆಯ ಚಿತ್ರವು ಹಂದಿಯಂತೆ ಕಾಣುತ್ತದೆಂಬ ಆಕ್ಷೇಪ ಬಂದುದರಿಂದ ಇದನ್ನು ತಡೆಹಿಡಿದು, 1912ರಲ್ಲಿ ಚಿತ್ರವನ್ನು ತಿದ್ದಲಾಯಿತು. ಆದುದರಿಂದ 1911ರ ನಾಣ್ಯಕ್ಕೆ ಬೇಡಿಕೆ ಇದೆ.

4. 1922ರ ಹಾಗೂ 1939ರ ರೂಪಾಯಿಗಳು. ಎರಡೂ ವಿರಳ. ವಿಶೇಷವಾಗಿ 1939ರದು ಪೂರ್ಣ ಬೆಳ್ಳಿಯ ಕೊನೆಯ ರೂಪಾಯಿ. ಹೀಗಾಗಿಯೇ ಇದರ ನಕಲುಗಳೂ ಹೆಚ್ಚು. ಬೇರೆ ವರ್ಷದ ಅಂಕಿಯನ್ನು ತಿದ್ದಿ 1939 ಮಾಡಿದ ನಾಣ್ಯಗಳ ಬಗ್ಗೆ ಎಚ್ಚರ ಅಗತ್ಯ.

ಐದನೆಯ ಜಾರ್ಜ್ ರೂಪಾಯಿಯ ಹಿಂಬದಿಯ ಕೆಳಭಾಗದಲ್ಲಿ ಸಣ್ಣ ಉಬ್ಬು ಚುಕ್ಕೆ ಇದ್ದರೆ ಅದು ಮುಂಬಯಿಯದು, ಇಲ್ಲದಿದ್ದರೆ ಕಲಕತ್ತೆಯದು. ಇನ್ನು 1918, 1919ರ ಸವೆದ ನಾಣ್ಯಗಳು ಕೋಟಿಗಟ್ಟಲೆ ಟಂಕಿತವಾದಂಥವು. ಇವುಗಳಿಗೆ ಲೋಹದ ಬೆಲೆಗಿಂತ ಹೆಚ್ಚೇನೂ ಬಾರದು. ‘ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಹಣ’ ಎಂದು ದೂರವಾಣಿಯಲ್ಲಿ ಆಸೆ ತೋರಿಸಿ, ಮುಂಗಡವಾಗಿ ‘ನೋಂದಣಿ ಶುಲ್ಕ’ ಕೇಳುವವರ ಮಾತಿಗೆ ಕಿವಿಗೊಡಬಾರದು. ನಿಜವಾದ ಖರೀದಿದಾರನು ಮಾರುವವನಿಂದ ಹಣ ಕೇಳುವುದಿಲ್ಲ.

ಖರೆ ಖೋಟಾ ಪರೀಕ್ಷೆ

ಮಾರ್ಗನ್ ಡಾಲರು ಮತ್ತು 1873ರ ನಂತರ ಏಷ್ಯಾದ ವ್ಯಾಪಾರಕ್ಕಾಗಿಯೇ ಟಂಕಿಸಿದ ‘ಟ್ರೇಡ್ ಡಾಲರ್’ ಎರಡರ ನಕಲುಗಳೂ ಪೇಟೆಯಲ್ಲಿ ಧಾರಾಳವಾಗಿವೆ. ಅಯಸ್ಕಾಂತಕ್ಕೆ ಅಂಟುವ ನಾಣ್ಯ ಬೆಳ್ಳಿಯದಲ್ಲ. ಆದರೆ ಅಂಟದಿದ್ದ ಮಾತ್ರಕ್ಕೆ ಅದು ಬೆಳ್ಳಿ ಎಂದೂ ಹೇಳಲಾಗದು. ಪತ್ತಾರರ ಸೂಕ್ಷ್ಮ ತಕ್ಕಡಿಯಿಂದ ಮಾಡಬಹುದಾದ ನೀರಿನ ಪರೀಕ್ಷೆ ಹೆಚ್ಚು ವಿಶ್ವಾಸಾರ್ಹ. ನಾಣ್ಯವನ್ನು ಮೊದಲು ಗಾಳಿಯಲ್ಲಿ ತೂಗಬೇಕು. ಬಳಿಕ ಸಣ್ಣ ದಾರದಿಂದ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಬೇಕು. ತೂಕದಲ್ಲಿ ಆಗುವ ಇಳಿತ ಹೀಗಿರಬೇಕು:

1939ರವರೆಗಿನ ರೂಪಾಯಿ: 11.66 ಗ್ರಾಂ ತೂಕಕ್ಕೆ ಸುಮಾರು 1.13 ಗ್ರಾಂ ಇಳಿತ.
1940ರಿಂದ 1945ರ ರೂಪಾಯಿ: 11.66 ಗ್ರಾಂ ತೂಕಕ್ಕೆ ಸುಮಾರು 1.22 ಗ್ರಾಂ ಇಳಿತ.
ಮಾರ್ಗನ್ ಅಥವಾ ಪೀಸ್ ಡಾಲರ್: 26.73 ಗ್ರಾಂ ತೂಕಕ್ಕೆ ಸುಮಾರು 2.59 ಗ್ರಾಂ ಇಳಿತ.

ಸವೆದ ನಾಣ್ಯದಲ್ಲಿ ತೂಕ ಕಡಿಮೆಯಾದಂತೆ ಇಳಿತವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಅಮೆರಿಕವು 1986ರಿಂದ ಹೊರತರುತ್ತಿರುವ ‘ಸಿಲ್ವರ್ ಈಗಲ್’ ನಾಣ್ಯವು ಒಂದು ಔನ್ಸ್, ಅಂದರೆ 31.1 ಗ್ರಾಂ ಶುದ್ಧ ಬೆಳ್ಳಿಯದು. ಅದು ಹೂಡಿಕೆಗೆಂದು ಮಾಡಿದ ನಾಣ್ಯವೇ ಹೊರತು ಚಾರಿತ್ರಿಕ ನಾಣ್ಯವಲ್ಲ. ಎರಡನ್ನೂ ಬೆರೆಸಿ ಬೆಲೆ ಕಟ್ಟಬಾರದು.

ಹುಣಸೆಹಣ್ಣಿನ ಹಾನಿ

ಪೂಜೆಯ ಹಿಂದಿನ ದಿನ ಹುಣಸೆಹಣ್ಣು, ಬೂದಿ, ಸೀಗೆಪುಡಿಗಳಿಂದ ನಾಣ್ಯಗಳನ್ನು ತಿಕ್ಕಿ ಥಳಥಳಿಸುವಂತೆ ಮಾಡುವುದು ಮನೆಮನೆಯ ರೂಢಿ. ಭಕ್ತಿಯ ದೃಷ್ಟಿಯಿಂದ ಇದು ಸರಿಯೇ ಇರಬಹುದು. ಆದರೆ ಸಂಗ್ರಹದ ದೃಷ್ಟಿಯಿಂದ ಇದು ದೊಡ್ಡ ನಷ್ಟ. ಕಾಲಕ್ರಮದಲ್ಲಿ ಬೆಳ್ಳಿಯ ಮೇಲೆ ಕೂಡುವ ಕಪ್ಪು ಅಥವಾ ಕಂದು ಛಾಯೆಯನ್ನು ಸಂಗ್ರಹಕಾರರು ಗೌರವಿಸುತ್ತಾರೆ. ತಿಕ್ಕಿದ ನಾಣ್ಯದ ಮೇಲ್ಮೈಯಲ್ಲಿ ಸೂಕ್ಷ್ಮ ಗೀರುಗಳು ಉಳಿಯುತ್ತವೆ. ಅವು ಮತ್ತೆ ಹೋಗುವುದಿಲ್ಲ. ಅಮೆರಿಕದ ಶ್ರೇಣೀಕರಣ ಸಂಸ್ಥೆಗಳು ನಾಣ್ಯದ ಸ್ಥಿತಿಗೆ 1ರಿಂದ 70ರವರೆಗೆ ಅಂಕ ನೀಡುತ್ತವೆ. ತಿಕ್ಕಿದ ನಾಣ್ಯಕ್ಕೆ ಅಲ್ಲಿ ಸಾಮಾನ್ಯವಾಗಿ ಅಂಕವೇ ದೊರೆಯುವುದಿಲ್ಲ.

ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ನಾಣ್ಯ, ರಂಧ್ರ ಕೊರೆದ ನಾಣ್ಯಗಳದೂ ಇದೇ ಸ್ಥಿತಿ. ಅವುಗಳಿಗೆ ಲೋಹದ ಬೆಲೆ ಮಾತ್ರ. ಪೂಜೆಗೆ ನಾಲ್ಕಾರು ಸಾಮಾನ್ಯ ನಾಣ್ಯಗಳನ್ನು ಪ್ರತ್ಯೇಕವಾಗಿ ಇಟ್ಟುಕೊಂಡು, ಉಳಿದವುಗಳನ್ನು ತಿಕ್ಕದೆ, ಒಂದಕ್ಕೊಂದು ತಾಗದಂತೆ ಒಣ ಕಾಗದದ ಲಕೋಟೆಗಳಲ್ಲಿ ಇರಿಸುವುದು ಸುಲಭದ ಮಾರ್ಗ. ಮೆತ್ತನೆಯ ಪ್ಲಾಸ್ಟಿಕ್ ಚೀಲಗಳು ವರ್ಷಗಳ ಮೇಲೆ ನಾಣ್ಯದ ಮೇಲೆ ಹಸಿರು ಜಿಗುಟನ್ನು ಬಿಡುವುದರಿಂದ ಅವುಗಳನ್ನು ಬಳಸಬಾರದು.

ವಿಂಗಡಿಸದ ಮಾರಾಟದ ನಷ್ಟ

ಒಂದು ಉದಾಹರಣೆಯಿಂದ ಈ ವಿಷಯ ಸ್ಪಷ್ಟವಾಗುತ್ತದೆ. ಹುಕ್ಕೇರಿಯ ಕಿರಾಣಿ ವರ್ತಕರೊಬ್ಬರ ಬಳಿ 100 ಬೆಳ್ಳಿ ರೂಪಾಯಿಗಳಿವೆ ಎಂದು ಭಾವಿಸಬಹುದು. ಅವುಗಳಲ್ಲಿ 70 ನಾಣ್ಯಗಳು 1939ಕ್ಕೆ ಮುಂಚಿನವು, 30 ನಾಣ್ಯಗಳು 1940ರ ನಂತರದವು. ಲೆಕ್ಕದ ಅನುಕೂಲಕ್ಕಾಗಿ ಶುದ್ಧ ಬೆಳ್ಳಿಯ ದರ ಕಿಲೋಗೆ 1,00,000 ರೂಪಾಯಿ ಎಂದು ಇಟ್ಟುಕೊಂಡರೆ:

70 ನಾಣ್ಯ × 10.69 ಗ್ರಾಂ = 748.3 ಗ್ರಾಂ
30 ನಾಣ್ಯ × 5.83 ಗ್ರಾಂ = 174.9 ಗ್ರಾಂ
ಒಟ್ಟು ಶುದ್ಧ ಬೆಳ್ಳಿ = 923.2 ಗ್ರಾಂ
ಮೌಲ್ಯ = 92,320 ರೂಪಾಯಿ

ಗಂಟಿನ ಮೇಲ್ಭಾಗದಲ್ಲಿ ಒಂದೆರಡು 1944ರ ನಾಣ್ಯಗಳನ್ನು ಕಂಡು, ‘ಇವೆಲ್ಲ ಅರ್ಧ ಬೆಳ್ಳಿಯವು’ ಎಂದು ಒಟ್ಟು 1,166 ಗ್ರಾಂ ತೂಕದ ಅರ್ಧಕ್ಕೆ ಬೆಲೆ ಕಟ್ಟಿದರೆ ಕೈಗೆ ಬರುವುದು 58,300 ರೂಪಾಯಿ ಮಾತ್ರ. ವಿಂಗಡಿಸಲು ಬೇಕಾದ ಅರ್ಧ ಗಂಟೆಯನ್ನು ಉಳಿಸಿದ್ದರ ಬೆಲೆ 34,020 ರೂಪಾಯಿ. ಕರಗಿಸುವ ಖರ್ಚು, ಸವಕಳಿ ಹಾಗೂ ಸರಾಫರ ನ್ಯಾಯವಾದ ಲಾಭಾಂಶವನ್ನು ಕಳೆದರೂ ಈ ಅಂತರವು ಚಿಕ್ಕದಲ್ಲ. ಇದೇ ದರದಲ್ಲಿ ಒಂದು ಮಾರ್ಗನ್ ಡಾಲರಿನಲ್ಲಿರುವ 24.06 ಗ್ರಾಂ ಬೆಳ್ಳಿಯ ಬೆಲೆ 2,406 ರೂಪಾಯಿ. ಅದಕ್ಕಿಂತ ಹೆಚ್ಚು ತೆರುವಾಗ, ಆ ಹೆಚ್ಚಳವು ಯಾವ ವಿರಳತೆಗಾಗಿ ಎಂಬುದನ್ನು ಕೊಳ್ಳುವವನು ಕೇಳಿ ತಿಳಿಯಬೇಕು.

ಪೂಜೆಯ ನಾಣ್ಯಕ್ಕೂ ತೆರಿಗೆಯುಂಟು

‘ಇವು ದೇವರ ಮುಂದೆ ಇಡುವ ನಾಣ್ಯಗಳು, ಮನೆಯ ಸ್ವಂತ ಬಳಕೆಯ ವಸ್ತುಗಳು, ಮಾರಿದರೆ ತೆರಿಗೆ ಇಲ್ಲ’ ಎಂಬ ಭಾವನೆ ವರ್ತಕರಲ್ಲಿ ಸಾಮಾನ್ಯವಾಗಿದೆ. ಇದು ತಪ್ಪು ತಿಳಿವಳಿಕೆ. ಆದಾಯ ತೆರಿಗೆ ಕಾನೂನಿನಲ್ಲಿ ಸ್ವಂತ ಬಳಕೆಯ ಚರ ವಸ್ತುಗಳನ್ನು ಬಂಡವಾಳ ಆಸ್ತಿಯ ವ್ಯಾಖ್ಯೆಯಿಂದ ಹೊರಗಿಟ್ಟಿರುವುದು ನಿಜ. ಆದರೆ ಮಹಾರಾಜ ರಾಣಾ ಹೇಮಂತ ಸಿಂಗ್‌ಜಿ ಅವರ ಪ್ರಕರಣದಲ್ಲಿ ಇದೇ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಚಿನ್ನದ ಪವನುಗಳು, ಬೆಳ್ಳಿ ರೂಪಾಯಿಗಳು ಮತ್ತು ಬೆಳ್ಳಿಯ ಗಟ್ಟಿಗಳನ್ನು ಲಕ್ಷ್ಮೀ ಪೂಜೆಗೆ ಬಳಸುತ್ತಿದ್ದುದರಿಂದ ಅವು ಸ್ವಂತ ಬಳಕೆಯ ವಸ್ತುಗಳೆಂದು ವಾದಿಸಲಾಗಿತ್ತು. 1976ರಲ್ಲಿ ನ್ಯಾಯಾಲಯವು ಈ ವಾದವನ್ನು ಒಪ್ಪಲಿಲ್ಲ. ವ್ಯಕ್ತಿಯ ದೈನಂದಿನ ಬಳಕೆಗೆ ನಿಕಟವಾಗಿ ಹಾಗೂ ಸಾಮಾನ್ಯವಾಗಿ ಸಂಬಂಧಿಸಿದ ವಸ್ತುಗಳು ಮಾತ್ರ ಆ ವಿನಾಯಿತಿಗೆ ಅರ್ಹ ಎಂಬುದು ತೀರ್ಪಿನ ಸಾರ. ಆದುದರಿಂದ ಪೂಜೆಯ ನಾಣ್ಯಗಳೂ ಬಂಡವಾಳ ಆಸ್ತಿಯೇ ಆಗುತ್ತವೆ.

ಅವುಗಳ ಮಾರಾಟದಿಂದ ಬರುವ ಲಾಭದ ಲೆಕ್ಕ ಹೀಗಿದೆ. ಪಿತ್ರಾರ್ಜಿತವಾಗಿ ಬಂದ ನಾಣ್ಯಕ್ಕೆ ಹಿಂದಿನ ಮಾಲೀಕನ ಖರೀದಿ ಬೆಲೆಯೇ ಮೂಲ ಬೆಲೆ. 2001ರ ಏಪ್ರಿಲ್ 1ಕ್ಕಿಂತ ಮುಂಚಿನ ಆಸ್ತಿಯಾದಲ್ಲಿ, ಆ ದಿನದ ನ್ಯಾಯಯುತ ಪೇಟೆ ಮೌಲ್ಯವನ್ನು ಮೂಲ ಬೆಲೆಯಾಗಿ ತೆಗೆದುಕೊಳ್ಳುವ ಅವಕಾಶವಿದೆ. 2024ರ ಜುಲೈ 23ರಿಂದ ಮುಂದಿನ ಮಾರಾಟಗಳಿಗೆ, 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ ಇಂತಹ ಆಸ್ತಿಯ ಲಾಭವು ದೀರ್ಘಾವಧಿಯದಾಗಿ, ಹಣದುಬ್ಬರದ ಹೊಂದಾಣಿಕೆ ಇಲ್ಲದೆ ಶೇಕಡಾ 12.5ರ ದರಕ್ಕೆ ಒಳಪಟ್ಟಿತು. 1961ರ ಕಾಯ್ದೆಯ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ 2025ರಲ್ಲಿ ಹೊಸ ಆದಾಯ ತೆರಿಗೆ ಕಾಯ್ದೆ ಅಂಗೀಕಾರಗೊಂಡಿರುವುದರಿಂದ, ಮಾರಾಟದ ವರ್ಷಕ್ಕೆ ಅನ್ವಯವಾಗುವ ಕಲಮನ್ನು ನೋಡಿಕೊಳ್ಳತಕ್ಕದ್ದು.

ಮೇಲಿನ ಉದಾಹರಣೆಯಲ್ಲಿನ ಮಾರಾಟದ ಮೊತ್ತ 92,320 ರೂಪಾಯಿ, 2001ರ ಮೌಲ್ಯ 6,500 ರೂಪಾಯಿ ಎಂದು ನಿರ್ಧಾರವಾದರೆ, ಲಾಭ 85,820 ರೂಪಾಯಿ, ಶೇಕಡಾ 12.5ರಂತೆ ತೆರಿಗೆ ಸುಮಾರು 10,728 ರೂಪಾಯಿ ಹಾಗೂ ಅದರ ಮೇಲಿನ ಸೆಸ್. ಪದೇ ಪದೇ ಕೊಂಡು ಮಾರುವವರ ವಿಷಯದಲ್ಲಿ ಇದು ಬಂಡವಾಳ ಲಾಭವಾಗದೆ ವ್ಯಾಪಾರದ ಆದಾಯವೇ ಆಗುತ್ತದೆ. ಆಗ ನಾಣ್ಯಗಳು ದಾಸ್ತಾನಿನ ಪಟ್ಟಿಯಲ್ಲಿ ಬರಬೇಕು. ಸರಕು ಮತ್ತು ಸೇವಾ ತೆರಿಗೆಯ ಹೊಣೆಯೂ ಬರಬಹುದು. ಮನೆಯ ಹಳೆಯ ನಾಣ್ಯವನ್ನು ಒಮ್ಮೆ ಮಾರುವ ಗೃಹಸ್ಥನಿಗೆ, ಅದು ಅವನ ವ್ಯಾಪಾರವಲ್ಲವಾದ್ದರಿಂದ, ಆ ಹೊಣೆ ಇಲ್ಲ.

ಮಾರಾಟದ ಹಣವನ್ನು ಒಂದೇ ದಿನ, ಒಂದೇ ವ್ಯವಹಾರದಲ್ಲಿ, ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ರೋಖವಾಗಿ ಪಡೆಯುವುದಕ್ಕೆ 2017ರಲ್ಲಿ ನಿಷೇಧ ಬಂದಿತು. ಪಡೆದವನ ಮೇಲೆ ಅಷ್ಟೇ ಮೊತ್ತದ ದಂಡ ಬೀಳುತ್ತದೆ. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯೇ ಸುರಕ್ಷಿತ.

ನೂರು ವರ್ಷದ ಗಡಿ

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯವು ಪ್ರಾಚ್ಯವಸ್ತು ಎನಿಸುತ್ತದೆ. ಐದನೆಯ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿಗಳ ಸರಣಿ 1922ಕ್ಕೆ ಮುಗಿದಿರುವುದರಿಂದ, ಅವೆಲ್ಲವೂ ಈಗ ಈ ಗಡಿಯನ್ನು ದಾಟಿವೆ. ಖಾಸಗಿ ವ್ಯಕ್ತಿಗಳು ಇವುಗಳನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ. ಅಮೆರಿಕದಲ್ಲಿರುವ ಮಗನ ಪೆಟ್ಟಿಗೆಯಲ್ಲಿ ಅಜ್ಜನ ರಾಣಿ ಛಾಪಗಳನ್ನು ಪ್ರೀತಿಯಿಂದ ಇಟ್ಟು ಕಳಿಸುವುದೂ ವಿಮಾನ ನಿಲ್ದಾಣದಲ್ಲಿ ಕಾನೂನಿನ ತೊಡಕಿಗೆ ಕಾರಣವಾಗಬಹುದು. ಪ್ರಾಚ್ಯವಸ್ತುಗಳ ಮಾರಾಟವನ್ನೇ ವ್ಯಾಪಾರವಾಗಿ ನಡೆಸಲು ಪರವಾನಿಗೆ ಬೇಕು. ಹಳೆಯ ವಾಡೆಯನ್ನು ಕೆಡವುವಾಗ, ಗೋದಾಮಿನ ಪಾಯ ತೋಡುವಾಗ ನೆಲದಲ್ಲಿ ಹೂತಿಟ್ಟ ನಾಣ್ಯಗಳು ದೊರೆತರೆ ಅವು ಮನೆಯವರ ಸ್ವತ್ತಾಗಿ ತಾವಾಗಿಯೇ ಬಿಡುವುದಿಲ್ಲ. ನಿಧಿ ಕಾನೂನಿನಂತೆ ಜಿಲ್ಲಾಡಳಿತಕ್ಕೆ ತಿಳಿಸುವುದು ಕಡ್ಡಾಯ.

ಒಂದು ಪುಟದ ಪಟ್ಟಿ

ಈ ಎಲ್ಲ ತೊಡಕುಗಳಿಗೂ ಬಹುಮಟ್ಟಿಗೆ ಪರಿಹಾರವಾಗಬಲ್ಲದ್ದು ಒಂದು ಪುಟದ ಪಟ್ಟಿ. ಪ್ರತಿ ನಾಣ್ಯದ ವರ್ಷ, ದೊರೆಯ ಹೆಸರು, ಟಂಕಸಾಲೆಯ ಗುರುತು, ತೂಕ, ಮನೆಗೆ ಬಂದ ಬಗೆ, ಒಡೆತನ ಯಾರದು ಎಂಬ ಆರು ಅಂಕಣಗಳು ಸಾಕು. ಒಡೆತನದ ಅಂಕಣವು ಬಹಳ ಮುಖ್ಯ. ನಾಣ್ಯಗಳು ವ್ಯಕ್ತಿಯ ಸ್ವಂತದವೇ, ಅವಿಭಕ್ತ ಹಿಂದೂ ಕುಟುಂಬದವೇ, ಪಾಲುದಾರಿಕೆ ಅಂಗಡಿಯವೇ ಎಂಬುದು ಬರೆದಿಡದಿದ್ದಾಗಲೇ ಅಣ್ಣತಮ್ಮಂದಿರ ನಡುವೆ ಮನಸ್ತಾಪ ಹುಟ್ಟುತ್ತದೆ. ಕೊಂಡ ನಾಣ್ಯವಾದರೆ ಪಾವತಿಯನ್ನು, ಉಡುಗೊರೆಯಾದರೆ ಕೊಟ್ಟವರ ಸಹಿಯುಳ್ಳ ಪತ್ರವನ್ನು, ಹಿಸ್ಸೆಯಲ್ಲಿ ಬಂದದ್ದಾದರೆ ವಾಟ್ನಿ ಪತ್ರದ ಪ್ರತಿಯನ್ನು ಪಟ್ಟಿಯ ಜತೆ ಇರಿಸಬೇಕು. ಪ್ರತಿ ನಾಣ್ಯದ ಎರಡೂ ಬದಿಯ ಛಾಯಾಚಿತ್ರವಿದ್ದರೆ ಮತ್ತಷ್ಟು ಒಳ್ಳೆಯದು. ಕಳವಾದಾಗ ಪೊಲೀಸರಿಗೆ, ತಪಾಸಣೆಯಾದಾಗ ತೆರಿಗೆ ಅಧಿಕಾರಿಗಳಿಗೆ, ಹಿಸ್ಸೆಯಾಗುವಾಗ ಮನೆಯವರಿಗೆ ತೋರಿಸಲು ಈ ಒಂದೇ ಪುಟ ಆಧಾರವಾಗುತ್ತದೆ.

1918ರ ಕಾಯ್ದೆಯಂತೆ 27 ಕೋಟಿ ಡಾಲರುಗಳನ್ನು ಲೆಕ್ಕವಿಡದೆ ಕರಗಿಸಿದ ಕಾರಣ, ಏನು ಹೋಯಿತು ಎಂಬುದು ಅಮೆರಿಕದ ಟಂಕಸಾಲೆಗೇ ತಿಳಿಯದಂತಾಯಿತು. ಅದು ಯುದ್ಧದ ಅನಿವಾರ್ಯತೆಯಾಗಿತ್ತು. ಇಂದಿನ ವರ್ತಕನಿಗೆ ಅಂತಹ ಅವಸರವಿಲ್ಲ. ಹಣದ ಅಗತ್ಯ ಬಿದ್ದಾಗ ನಾಣ್ಯವನ್ನು ಮಾರುವುದು ತಪ್ಪಲ್ಲ. ಸಂಪತ್ತು ಇರುವುದೇ ಕಷ್ಟಕಾಲಕ್ಕೆ. ಬರುವ ದೀಪಾವಳಿಯಲ್ಲಿ ಗಂಟು ಬಿಚ್ಚಿದಾಗ, ಪೂಜೆಯ ಬಳಿಕ ಮತ್ತೆ ಕಟ್ಟುವ ಮುನ್ನ ಮನೆಯ ಕಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರತಿ ನಾಣ್ಯದ ತಾರೀಖನ್ನು ಓದಿ ಬರೆಸಿದರೆ, ಪಟ್ಟಿ ಒಂದೇ ಸಂಜೆಯಲ್ಲಿ ಸಿದ್ಧವಾಗುತ್ತದೆ.